ವಾರ್ಮರ್ ಬೇಡ, ಗೊಂಬೆ ಕೊಡೋಣ



ಯುಗಾದಿ ಕಾರ್ಯಕ್ರಮದಲ್ಲಿ ಸೇರಿದ ಸಹಾಯನಿಧಿಯನ್ನು ಊರಿನ ಯಾವ ಕೆಲಸಕ್ಕೆ ಕಳಿಸಬೇಕು ಅಂತ ನಮ್ಮ ಕೂಟದ ಸಮಿತಿ ಎಲ್ಲರನ್ನೂ ಕೇಳಿದೆ. ಬಂದ ಸಲಹೆಗಳಲ್ಲಿ ಹೆಚ್ಚು ಜನ ಹೇಳಿದ್ದು ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಬೇಬಿ ವಾರ್ಮರ್ ಕೊಡೋಣ ಎಂದು. ಹುಟ್ಟಿದ ಕೂಸನ್ನು ಬೆಚ್ಚಗಿಡುವ ಯಂತ್ರ. ಒಳ್ಳೆಯ ಯಂತ್ರವೇ, ಸಂದೇಹವಿಲ್ಲ. ಅದರ ಮೇಲೆ ಕೂಟದ ಹೆಸರು ಬರೆಸಬಹುದು, ರಿಬ್ಬನ್ ಕತ್ತರಿಸಬಹುದು, ಫೋಟೋ ಇದೇ ಪತ್ರಿಕೆಯಲ್ಲಿ ಬರಬಹುದು. ಆದರೂ ನಾನು ಅದಕ್ಕೆ ಕೈ ಎತ್ತುವುದಿಲ್ಲ. ಅದೇ ದುಡ್ಡನ್ನು, ಹೆರಿಗೆ ಮಾಡಿಸುವ ನರ್ಸುಗಳು ವಾರವಾರವೂ ಅಭ್ಯಾಸ ಮಾಡಲು ಬೇಕಾದ ಗೊಂಬೆಗಳಿಗೆ ಮತ್ತು ಅವರಿಗೆ ಕಲಿಸುವವರ ಓಡಾಟದ ಖರ್ಚಿಗೆ ಕೊಡೋಣ ಎನ್ನುವುದು ನನ್ನ ವಾದ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕಾಗಿದೆ, ಕಾಫಿ ಮಾಡಿಕೊಂಡು ಬಂದು ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೋಡ್ ಬರೆದು, ಈಗ ಅಮೆರಿಕಕ್ಕೆ ಬಂದು ಅದನ್ನೇ ಬರೆಯುತ್ತಿರುವ ಅಸಂಖ್ಯಾತರಲ್ಲಿ ಒಬ್ಬ. ನಮ್ಮ ಕೂಟದಲ್ಲಿ ಡಾಕ್ಟರುಗಳಿಗೇನೂ ಬರವಿಲ್ಲ, ನಾನು ಬರೆದದ್ದನ್ನು ಅವರು ಜಾಲಾಡಲಿ. ಆದರೆ ನನ್ನ ಅತ್ತಿಗೆ ಹಾವೇರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಅವರಿಂದ ಹೆರಿಗೆ ವಾರ್ಡಿನ ಕಥೆಗಳನ್ನು ಕೇಳಿ ಕೇಳಿ, ಈ ವಿಷಯದ ಬಗ್ಗೆ ಸಿಕ್ಕ ಅಧ್ಯಯನಗಳನ್ನೆಲ್ಲ ಓದುವ ಚಟ ನನಗೆ ಹತ್ತಿದೆ.

ಗರ್ಭದಲ್ಲಿರುವ ಕೂಸಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ದ್ರವ ತುಂಬಿರುತ್ತದೆ. ಆಮ್ಲಜನಕ ಬರುವುದು ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ. ಹೊರಗೆ ಬಂದ ಕೆಲವೇ ಕ್ಷಣಗಳಲ್ಲಿ ಈ ಏರ್ಪಾಡು ಪೂರ್ತಿ ಬದಲಾಗಬೇಕು. ದ್ರವ ಹೋಗಿ ಗಾಳಿ ತುಂಬಬೇಕು, ರಕ್ತ ಶ್ವಾಸಕೋಶದ ಕಡೆ ತಿರುಗಬೇಕು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಓಡುತ್ತಿರುವ ಸಿಸ್ಟಮ್ಮನ್ನು ನಿಲ್ಲಿಸದೆ ಹಳೆಯ ಸರ್ವರಿನಿಂದ ಹೊಸ ಸರ್ವರಿಗೆ ಸಾಗಿಸಬೇಕು, ಅದೂ ಒಂದು ಸಲವೂ ಟೆಸ್ಟ್ ಮಾಡದೆ! ಆಶ್ಚರ್ಯವೆಂದರೆ ಬಹುಪಾಲು ಕೂಸುಗಳು ಇದನ್ನು ಯಾರ ಸಹಾಯವೂ ಇಲ್ಲದೆ ಮಾಡಿಬಿಡುತ್ತವೆ. 100ರಲ್ಲಿ ಸುಮಾರು 10 ಕೂಸುಗಳಿಗೆ ಏನಾದರೂ ನೆರವು ಬೇಕಾಗುತ್ತದೆ. ಅವುಗಳಲ್ಲೂ ಹಲವಕ್ಕೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಬೆನ್ನು ಉಜ್ಜಿದರೆ ಸಾಕು. 3ರಿಂದ 6 ಕೂಸುಗಳಿಗೆ ಆಂಬು ಬ್ಯಾಗ್ ಮತ್ತು ಮಾಸ್ಕಿನಿಂದ ಗಾಳಿ ಕೊಡಬೇಕಾಗುತ್ತದೆ. ಗಂಟಲಿಗೆ ಟ್ಯೂಬು, ಔಷಧಿ ಅಂತ ದೊಡ್ಡ ಚಿಕಿತ್ಸೆ ಬೇಕಾಗುವುದು ಒಂದಕ್ಕೂ ಕಡಿಮೆ.

ಅಂದರೆ ಬಹಳಷ್ಟು ಕೂಸುಗಳ ಜೀವ ನಿಂತಿರುವುದು ಒಂದು ಒಣ ಬಟ್ಟೆ, ಒಂದು ರಬ್ಬರಿನ ಚೀಲ, ಒಂದು ಪುಟ್ಟ ಮಾಸ್ಕಿನ ಮೇಲೆ. ಆಮ್ಲಜನಕದ ಸಿಲಿಂಡರ್ ಕೂಡ ಮೊದಲಿಗೆ ಬೇಡ. ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಕೋಣೆಯ ಗಾಳಿಯೇ ಸಾಕೆಂದು ತೋರಿಸಿದವರಲ್ಲಿ ನಮ್ಮ ದೇಶದವರೂ ಇದ್ದಾರೆ. ದೆಹಲಿಯ ಸಿದ್ಧಾರ್ಥ ರಾಮ್‌ಜಿ ಮತ್ತು ಸಂಗಡಿಗರ ಅಧ್ಯಯನ 1993ರಲ್ಲಿ ಬಂತು, ನಾರ್ವೆಯ ಓಲಾ ಸೌಗ್‌ಸ್ಟಾಡ್ ಮುಂದಾಳತ್ವದಲ್ಲಿ ಹಲವು ದೇಶಗಳಲ್ಲಿ ನಡೆದ ಅಧ್ಯಯನ 1998ರಲ್ಲಿ ಬಂತು. ಅಂತರರಾಷ್ಟ್ರೀಯ ನಿಯಮಾವಳಿ ಅದನ್ನು ಒಪ್ಪಿಕೊಂಡದ್ದು 2010ರಲ್ಲಿ. ಹಳೆಯ ಸಿನಿಮಾಗಳಲ್ಲಿ ಡಾಕ್ಟರು ಕೂಸನ್ನು ತಲೆಕೆಳಗು ಹಿಡಿದು ಬೆನ್ನಿಗೆ ಬಡಿಯುತ್ತಾರಲ್ಲ, ಅದರಿಂದ ಉಪಯೋಗವಿಲ್ಲ, ಅಪಾಯವೇ ಹೆಚ್ಚು.

ಕಷ್ಟ ಇರುವುದು ಸಮಯದಲ್ಲಿ. ಅಳದ ಕೂಸಿಗೆ ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಉಸಿರು ಶುರುವಾಗಬೇಕು, ಇಲ್ಲವೇ ಮಾಸ್ಕಿನಿಂದ ಗಾಳಿ ಹೋಗಲು ಶುರುವಾಗಬೇಕು. ಇದಕ್ಕೆ 'ಸುವರ್ಣ ನಿಮಿಷ' ಅನ್ನುತ್ತಾರೆ. ಆ ಅರವತ್ತು ಸೆಕೆಂಡಿನಲ್ಲಿ ಪುಸ್ತಕ ತೆಗೆದು ನೋಡಲಾಗುವುದಿಲ್ಲ, ಡಾಕ್ಟರಿಗೆ ಫೋನ್ ಮಾಡಿದರೂ ಅವರು ಬರುವುದರೊಳಗೆ ನಿಮಿಷ ಮುಗಿದಿರುತ್ತದೆ. ಕೂಸಿನ ತಲೆಯನ್ನು ಹೂವಿನ ವಾಸನೆ ನೋಡುವವರ ಹಾಗೆ ಸ್ವಲ್ಪವೇ ಹಿಂದಕ್ಕೆ ಬಾಗಿಸಬೇಕು. ಜಾಸ್ತಿ ಬಾಗಿಸಿದರೂ ದಾರಿ ಮುಚ್ಚುತ್ತದೆ, ಗದ್ದ ಎದೆಗೆ ಬಂದರೂ ಮುಚ್ಚುತ್ತದೆ. ಮಾಸ್ಕು ಗದ್ದ, ಬಾಯಿ, ಮೂಗು ಮುಚ್ಚಬೇಕು, ಕಣ್ಣಿಗೆ ತಾಗಬಾರದು, ಅಂಚಿನಿಂದ ಗಾಳಿ ಸೋರಬಾರದು. ನಿಮಿಷಕ್ಕೆ ಸುಮಾರು 40 ಸಲ ಚೀಲ ಅದುಮಬೇಕು, ಪ್ರತಿ ಸಲವೂ ಎದೆ ಮೆಲ್ಲಗೆ ಏಳುತ್ತಿದೆಯೇ ನೋಡಬೇಕು. ಓದಿದರೆ ಸುಲಭ ಅನ್ನಿಸುತ್ತದೆ. ಸೈಕಲ್ ಹೊಡೆಯುವುದೂ ಓದಿದರೆ ಸುಲಭವೇ.

ನಮ್ಮ ಎರಡನೆಯವನು ಇಲ್ಲಿ ಹುಟ್ಟಿದಾಗ ತಕ್ಷಣ ಅಳಲಿಲ್ಲ. ನನ್ನ ಹೆಂಡತಿ "ಯಾಕೆ ಸದ್ದೇ ಇಲ್ಲ?" ಅಂತ ಕೇಳುತ್ತಿದ್ದಳು, ನಾನು ಬಾಯಿ ಬಿಡಲಾಗದೆ ನಿಂತಿದ್ದೆ. ನರ್ಸು ಒರೆಸಿದಳು, ಬೆನ್ನು ಉಜ್ಜಿದಳು, ಮಾಸ್ಕಿಟ್ಟು ನಾಲ್ಕೈದು ಸಲ ಅದುಮಿದಳು, ಅವನು ಅತ್ತ. ಡಾಕ್ಟರು ಈ ಕಡೆ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಥ್ಯಾಂಕ್ಸ್ ಹೇಳಲು ಹೋದರೆ ಅವಳಿಗೆ ಅದು ನೆನಪಿಡುವ ಸಂಗತಿಯೇ ಆಗಿರಲಿಲ್ಲ. ಈ ದೇಶದಲ್ಲಿ ಇದಕ್ಕಾಗಿ 1987ರಿಂದ ಒಂದು ತರಬೇತಿ ಇದೆ, ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ನಡುವೆ ಗೊಂಬೆಯ ಮೇಲೆ ಅಭ್ಯಾಸ ಮಾಡಿಸುತ್ತಲೇ ಇರುತ್ತಾರೆ ಎಂದು ಅವಳೇ ಹೇಳಿದಳು.

ಈಗ ನಮ್ಮ ಊರಿಗೆ ಬರೋಣ. ನಮ್ಮ ಅಜ್ಜಿಯರು ಮಕ್ಕಳ ಲೆಕ್ಕ ಹೇಳುವ ರೀತಿ ನಿಮಗೆಲ್ಲ ನೆನಪಿರಬಹುದು. "ಎಂಟು ಹೆತ್ತೆ, ಉಳಿದದ್ದು ಐದು." ಆ ಮೂರರಲ್ಲಿ ಒಂದಾದರೂ 'ಸತ್ತೇ ಹುಟ್ಟಿತು' ಎಂದಿರುತ್ತಿತ್ತು. ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದರು, ಒಂದು ಕೂಸು ಅಳಲೇ ಇಲ್ಲವಂತೆ. ಹಣೆಬರಹ ಅಂತ ಬಿಟ್ಟರು. ಆದರೆ ಅಳದ ಕೂಸುಗಳೆಲ್ಲ ನಿಜವಾಗಿ ಸತ್ತಿದ್ದವೇ?

ಈ ಪ್ರಶ್ನೆಗೆ ಉತ್ತರ ನಮ್ಮ ಕರ್ನಾಟಕದಿಂದಲೇ ಬಂದಿದೆ, ಅದೂ ಬೆಳಗಾವಿಯಿಂದ. 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ವಿಶ್ವ ಆರೋಗ್ಯ ಸಂಸ್ಥೆ, ಯುಎಸ್‌ಏಡ್ ಮೊದಲಾದವರು ಸೇರಿ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಎಂಬ ತರಬೇತಿ ಶುರು ಮಾಡಿದರು. ಕೂಸಿಗೆ ಉಸಿರಾಡಲು ನೆರವಾಗುವುದು ಅಂತ ಅರ್ಥ. ಹೆಚ್ಚಿನ ಸಲಕರಣೆ ಇಲ್ಲದ ಕಡೆ ಕೆಲಸ ಮಾಡುವವರಿಗೆಂದೇ ಮಾಡಿದ್ದು. ಚಿತ್ರಪಟ ನೋಡಿಕೊಂಡು, ಇಬ್ಬಿಬ್ಬರು ಜೊತೆಯಾಗಿ, ಗೊಂಬೆಯ ಮೇಲೆ ಕಲಿಯುವುದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ಜಿಲ್ಲಾ ಆಸ್ಪತ್ರೆವರೆಗೆ ಹೆರಿಗೆ ಮಾಡಿಸುವ 599 ಮಂದಿಗೆ ಕಲಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ತರಬೇತಿಗೆ ಮುಂಚಿನ 4187 ಹೆರಿಗೆ, ನಂತರದ 5411 ಹೆರಿಗೆ, ಎರಡನ್ನೂ ಹೋಲಿಸಿದರು. ಸತ್ತು ಹುಟ್ಟಿದ ಕೂಸುಗಳ ಪ್ರಮಾಣ ಶೇಕಡ 3.0ರಿಂದ 2.3ಕ್ಕೆ ಇಳಿದಿತ್ತು.

ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಸತ್ತು ಹುಟ್ಟುವುದರಲ್ಲಿ ಎರಡು ಬಗೆ. ಒಂದು, ಹೊಟ್ಟೆಯೊಳಗೆ ತೀರಿಕೊಂಡು ಬಹಳ ಹೊತ್ತಾದದ್ದು, ಅದು ಕೂಸಿನ ಚರ್ಮ ನೋಡಿದರೆ ತಿಳಿಯುತ್ತದೆ. ಇನ್ನೊಂದು, ಹೆರಿಗೆಯ ಹೊತ್ತಿಗೋ ಅದಕ್ಕೆ ತುಸು ಮೊದಲೋ ಹೋದದ್ದು, ಮೈ ನೋಡಿದರೆ ಏನೂ ವ್ಯತ್ಯಾಸ ಕಾಣದು. ಈ ಎರಡನೆಯ ಬಗೆ ಶೇಕಡ 1.7 ಇದ್ದದ್ದು 0.9 ಆಯಿತು. ಸಾವಿರ ಹೆರಿಗೆಗೆ 17 ಇದ್ದದ್ದು 9. ನರ್ಸುಗಳಿಗೆ ಉಸಿರು ಕೊಡುವುದನ್ನು ಕಲಿಸಿದರೆ 'ಸತ್ತು ಹುಟ್ಟುವ' ಕೂಸುಗಳು ಹೇಗೆ ಕಡಿಮೆಯಾಗುತ್ತವೆ? ಸತ್ತಿದ್ದರೆ ಉಸಿರು ಕೊಟ್ಟು ಏನು ಪ್ರಯೋಜನ? ಕೆಲವು ಕೂಸುಗಳು ಸತ್ತಿರಲೇ ಇಲ್ಲ, ಅದೇ ಉತ್ತರ. ಉಸಿರಿಲ್ಲ, ಅಳುವಿಲ್ಲ, ಮೈ ಬಟ್ಟೆಯ ಹಾಗೆ ಜೋಲುತ್ತಿದೆ, ಆದರೆ ಹೃದಯ ಬಡಿಯುತ್ತಿದೆ. ಅಂಥ ಕೂಸನ್ನು ಪಕ್ಕಕ್ಕಿಟ್ಟು, ತಾಯಿಯನ್ನು ನೋಡಿಕೊಂಡು, ರಿಜಿಸ್ಟರಿನಲ್ಲಿ ಸತ್ತು ಹುಟ್ಟಿದೆ ಎಂದು ಬರೆಯುತ್ತಿದ್ದರು.

ಇದನ್ನು ಮೊದಲು ಓದಿದ ದಿನ ನನಗೆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಡಾಟಾ ನೋಡುವ ಅಭ್ಯಾಸ ಇರುವವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತೀರಿ. ಹೀಗೆ ಉಳಿಸಿದ ಕೂಸುಗಳು ನಾಲ್ಕು ದಿನ ಬಿಟ್ಟು ತೀರಿಕೊಂಡರೆ? ಹಾಗಾಗಿದ್ದರೆ ಮೊದಲ ತಿಂಗಳ ಸಾವಿನ ಪ್ರಮಾಣ ಏರಬೇಕಿತ್ತು. ಅದು ಶೇಕಡ 1.8 ಇದ್ದದ್ದು 1.9, ಅಂದರೆ ಹೆಚ್ಚುಕಡಿಮೆ ಅಷ್ಟೇ. ಉಳಿದ ಕೂಸುಗಳು ಉಳಿದವು. ಆದರೆ ಮೊದಲ ತಿಂಗಳ ಸಾವು ಇಳಿಯಲೂ ಇಲ್ಲ ಎನ್ನುವುದನ್ನು ಮುಚ್ಚಿಡಬಾರದು. ಅವಧಿಗೆ ಮೊದಲೇ ಹುಟ್ಟುವುದು, ನಂಜು, ಇವಕ್ಕೆ ಬೇರೆಯೇ ಆರೈಕೆ ಬೇಕು. ಇದು ಮೊದಲು-ನಂತರದ ಹೋಲಿಕೆ, ಅದೃಷ್ಟ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ ಪ್ರಯೋಗವಲ್ಲ ಎಂಬುದೂ ನೆನಪಿರಲಿ. ಇಷ್ಟೆಲ್ಲ ಕಳೆದರೂ ನನ್ನ ಮಟ್ಟಿಗೆ ಅದು ದೊಡ್ಡ ಫಲಿತಾಂಶ. ತಾಂಜಾನಿಯಾದ 8 ಆಸ್ಪತ್ರೆಗಳಲ್ಲಿ ಇದೇ ತರಬೇತಿಯ ನಂತರ ಮೊದಲ 24 ಗಂಟೆಯ ಸಾವು ಶೇಕಡ 47ರಷ್ಟು ಇಳಿಯಿತೆಂದು ಅದೇ 2013ರಲ್ಲಿ ವರದಿಯಾಯಿತು.

ಗೊಂಬೆಯ ಕಥೆಯನ್ನೂ ಹೇಳಬೇಕು, ಚೆನ್ನಾಗಿದೆ. ನಾರ್ವೆಯ ಸ್ಟಾವಾಂಗರ್ ಊರಿನ ಆಸ್ಮುಂಡ್ ಲೇರ್ಡಾಲ್ ಎಂಬಾತ ಆಟಿಕೆ ತಯಾರಕ, ನಮ್ಮ ಚನ್ನಪಟ್ಟಣದವರ ಕಸುಬಿನವನು ಅನ್ನಿ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಗೊಂಬೆ, ಕಾರು ಮಾಡುತ್ತಿದ್ದ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲು ಗೊಂಬೆ ಬೇಕೆಂದು ವೈದ್ಯರು ಕೇಳಿದಾಗ ಆತ ಮಾಡಿಕೊಟ್ಟದ್ದು 1960ರ 'ರಿಸಸಿ ಆ್ಯನ್'. ಕಂಪನಿಗಳಲ್ಲಿ ಪ್ರಥಮ ಚಿಕಿತ್ಸೆ ತರಬೇತಿಗೆ ಕೂತವರೆಲ್ಲ ಅವಳನ್ನೋ ಅವಳ ತಂಗಿಯರನ್ನೋ ನೋಡಿಯೇ ಇರುತ್ತೀರಿ. ಅದೇ ಕಂಪನಿ ಹಸುಗೂಸಿನ ಗೊಂಬೆಯನ್ನೂ ಮಾಡಿತು. ಒಳಗೆ ಬೆಚ್ಚಗಿನ ನೀರು ತುಂಬಿದರೆ ಕೂಸಿನ ಭಾರ, ಕೂಸಿನ ಬಿಸುಪು, ಕೂಸಿನ ಹಾಗೇ ಕೈಯಲ್ಲಿ ಜೋಲುತ್ತದೆ. ಕಲಿಸುವವರು ಪಕ್ಕದ ಪುಟ್ಟ ಬಲ್ಬನ್ನು ಒತ್ತಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ, ಇನ್ನೊಂದನ್ನು ಒತ್ತಿದರೆ ಅಳುತ್ತದೆ. ತಲೆ ಸರಿಯಾಗಿಟ್ಟು, ಮಾಸ್ಕು ಸೋರದ ಹಾಗೆ ಹಿಡಿದು ಅದುಮಿದರೆ ಮಾತ್ರ ಎದೆ ಏಳುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ, ಅಪ್‌ಡೇಟ್ ಬೇಡ.

ಹಾಗಾದರೆ ಒಂದು ದೊಡ್ಡ ತರಬೇತಿ ಶಿಬಿರ ಮಾಡಿ, ಸರ್ಟಿಫಿಕೇಟ್ ಕೊಟ್ಟು, ಊಟ ಹಾಕಿ ಕಳಿಸಿದರೆ ಆಯಿತಲ್ಲ? ಇಲ್ಲ. ನನ್ನ ಇಡೀ ವಾದ ನಿಂತಿರುವುದು ಇದರ ಮೇಲೆ. ಉತ್ತರ ತಾಂಜಾನಿಯಾದಲ್ಲಿ ಹೇಡಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಒಂದು ದಿನದ ತರಬೇತಿ ಕೊಟ್ಟು, ಏಳು ತಿಂಗಳ ನಂತರ ಪರೀಕ್ಷೆ ಮಾಡಿದರು. ಗೊಂಬೆಯ ಮೇಲೆ ಮೊದಲಿಗಿಂತ ಚೆನ್ನಾಗಿ ಮಾಡಿದರು. ಆದರೆ ಹೆರಿಗೆ ಕೋಣೆಯಲ್ಲಿ ನಿಜವಾದ ಕೂಸು ಬಂದಾಗ ಏನೂ ಬದಲಾಗಿರಲಿಲ್ಲ! ಸಂಶೋಧಕರು ಅದನ್ನು ಹಾಗೆಯೇ ಪ್ರಕಟಿಸಿದರು, ಅದಕ್ಕೆ ಅವರನ್ನು ಮೆಚ್ಚಬೇಕು. ಆಮೇಲೆ ಕ್ರಮ ಬದಲಿಸಿದರು. ಗೊಂಬೆಯನ್ನು ಹೆರಿಗೆ ವಾರ್ಡಿನಲ್ಲೇ ಇಟ್ಟು, ವಾರಕ್ಕೊಮ್ಮೆ 3ರಿಂದ 5 ನಿಮಿಷ ಅಭ್ಯಾಸ. ಅಷ್ಟೇ. 2015ರಲ್ಲಿ ಬಂದ ವರದಿಯ ಪ್ರಕಾರ ಮೊದಲ 24 ಗಂಟೆಯ ಸಾವು ಸಾವಿರಕ್ಕೆ 11.1 ಇದ್ದದ್ದು 7.2ಕ್ಕೆ ಇಳಿಯಿತು. ಅದೇ ಆಸ್ಪತ್ರೆ, ಅದೇ ಗೊಂಬೆ. ಬೇರೆಯಾದದ್ದು ವಾರದ ಆ ಐದು ನಿಮಿಷ.

ಯಾಕೆ ಹೀಗೆ ಅಂತ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 20 ಹೆರಿಗೆಯಾಗುವ ಆಸ್ಪತ್ರೆ ಎಂದಿಟ್ಟುಕೊಳ್ಳಿ, ವರ್ಷಕ್ಕೆ 240. ಶೇಕಡ 5 ಕೂಸುಗಳಿಗೆ ಮಾಸ್ಕು ಬೇಕಾದರೆ ವರ್ಷಕ್ಕೆ 12. ನಾಲ್ಕು ಜನ ನರ್ಸುಗಳು ಪಾಳಿಯಲ್ಲಿದ್ದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಮೂರು. ನಾಲ್ಕು ತಿಂಗಳಿಗೊಮ್ಮೆ, ಒಂದು ನಿಮಿಷ, ಅದೂ ನಡುರಾತ್ರಿ ಎರಡು ಗಂಟೆಗೆ. ಯಾವ ಕೈ ತಾನೇ ನೆನಪಿಟ್ಟುಕೊಳ್ಳುತ್ತದೆ? ಪಾವಗಡದ ಸೂಲಗಿತ್ತಿ ನರಸಮ್ಮನವರು (2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು) 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅವರ ಕೈ ಪಳಗಿದ್ದು ಆ ಸಂಖ್ಯೆಯಿಂದ. ಇಂದಿನ ಪಿ.ಎಚ್.ಸಿ. ನರ್ಸಿಗೆ ಆ ಸಂಖ್ಯೆ ಸಿಗುವುದಿಲ್ಲ, ಗೊಂಬೆಯೇ ಸಿಗಬೇಕು. ನಮ್ಮ ಆಫೀಸಿನಲ್ಲೂ ಒಂದು ಮಾತಿದೆ, ಬ್ಯಾಕಪ್ ಇದೆ ಅಂದವನನ್ನು ನಂಬಬೇಡ, ರಿಸ್ಟೋರ್ ಮಾಡಿ ನೋಡಿದವನನ್ನು ನಂಬು ಅಂತ.

ಇದನ್ನೆಲ್ಲ ಅತ್ತಿಗೆಗೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದೆ. ನಿಮ್ಮಲ್ಲಿ ಗೊಂಬೆ ಇದೆಯೇ ಅಂತ ಕೇಳಿದೆ. "ಐತಿ ನೋಡಪಾ, ಬೀರೂದಾಗ ಐತಿ. ಕೀಲಿ ಸ್ಟೋರಿನವರ ಕಡೆ. ಹರದು ಗಿರದು ಹೋತಂದ್ರ ಆಡಿಟ್ ಬಂದಾಗ ಯಾರು ಉತ್ತರ ಕೊಡೋರು?" ಅಂದರು. ಯಾರೋ ದಾನ ಕೊಟ್ಟದ್ದು, ಪ್ಯಾಕಿಂಗ್ ಕೂಡ ಬಿಚ್ಚಿಲ್ಲ. ಅವರದೇನೂ ತಪ್ಪಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಬೆಲೆಬಾಳುವ ಸಾಮಾನು ಎಂದು ದಾಖಲಾದದ್ದನ್ನು ಸರ್ಕಾರಿ ನೌಕರರು ಮುಟ್ಟಲು ಹೆದರುವುದು ಸಹಜ. ಇನ್ನೊಂದು ಸಂಗತಿಯನ್ನೂ ಹೇಳಿದರು. ತರಬೇತಿಗೆ ಹೋಗಿ ಬಂದ ಇಬ್ಬರು ಸಿಸ್ಟರುಗಳಲ್ಲಿ ಒಬ್ಬರನ್ನು ಆರೇ ತಿಂಗಳಲ್ಲಿ ಬೇರೆ ವಾರ್ಡಿಗೆ ಹಾಕಿದರಂತೆ.

ಇದು ಸರ್ಕಾರದ ಕೆಲಸ, ನಮಗೇಕೆ ಅನ್ನುವವರೂ ಇದ್ದೀರಿ. ಸರ್ಕಾರ ಸುಮ್ಮನೆ ಕೂತಿಲ್ಲ. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಎಂಬ ತರಬೇತಿ ಕೇಂದ್ರ ಸರ್ಕಾರದಿಂದ 2009ರಲ್ಲೇ ಶುರುವಾಯಿತು, ಆಗ ಅದು 2 ದಿನದ್ದು. ಹೆರಿಗೆಗೆ ಆಸ್ಪತ್ರೆಗೆ ಬನ್ನಿ ಅಂತ ಜನರನ್ನು ಒಪ್ಪಿಸಿದ್ದೂ ದೊಡ್ಡ ಸಾಧನೆಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2005-06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಗಳಲ್ಲಿ ಆಗುತ್ತಿತ್ತು, 2019-20ರ ಹೊತ್ತಿಗೆ ಅದು 97. ಆದರೆ ಅದೇ 2019-20ರ ಸಮೀಕ್ಷೆಯಲ್ಲಿ ಮೊದಲ ತಿಂಗಳೊಳಗೆ ತೀರಿಕೊಳ್ಳುವ ಕೂಸುಗಳು ಸಾವಿರಕ್ಕೆ ಸುಮಾರು 16. ದೇಶ 2030ಕ್ಕೆ ಇಟ್ಟುಕೊಂಡ ಗುರಿ ಒಂದಂಕಿ. ಬಸುರಿ ಬಸ್ಸು ಹತ್ತಿಯೋ ಆಂಬುಲೆನ್ಸ್ ಹತ್ತಿಯೋ ನಂಬಿ ಆಸ್ಪತ್ರೆಗೆ ಬಂದಾಯಿತು. ಇನ್ನು ಉಳಿದಿರುವುದು ಬಾಗಿಲೊಳಗಿನ ಕೆಲಸ. ತರಬೇತಿಯನ್ನು ಸರ್ಕಾರ ಕೊಡುತ್ತದೆ, ತರಬೇತಿ ಮರೆಯದ ಹಾಗೆ ನೋಡಿಕೊಳ್ಳಲು ಬಜೆಟ್ಟಿನಲ್ಲಿ ಜಾಗ ಸಿಗುವುದು ಕಷ್ಟ. ಹೊರದೇಶದ ದೊಡ್ಡ ದುಡ್ಡನ್ನೂ ನೆಚ್ಚಿಕೊಳ್ಳುವಂತಿಲ್ಲ. ಈ ತರಬೇತಿಯನ್ನು ಹುಟ್ಟುಹಾಕಿದವರಲ್ಲಿ ಒಂದಾದ ಯುಎಸ್‌ಏಡ್ 2025ರ ಜುಲೈನಲ್ಲಿ ತನ್ನ ನೆರವಿನ ಕೆಲಸವನ್ನೇ ನಿಲ್ಲಿಸಿತು.

ವಾರ್ಮರ್ ಬೇಡವೇ ಬೇಡ ಅಂತಲ್ಲ. ಹೆರಿಗೆ ಕೋಣೆಯಲ್ಲಿ ಅದು ಇರಬೇಕು, ಸಣ್ಣ ಕೂಸುಗಳಿಗೆ ಇನ್ನೂ ಬೇಕು. ಆದರೆ ಅದನ್ನು ಕೊಡುವವರು ಬಹಳ ಜನ ಇದ್ದಾರೆ. ಶಾಸಕರ ನಿಧಿಯಿದೆ, ಕಂಪನಿಗಳಿವೆ, ಸೇವಾ ಸಂಸ್ಥೆಗಳಿವೆ. ಫೋಟೋ ಬರದ ಕೆಲಸಕ್ಕೆ ಯಾರೂ ಇಲ್ಲ.

ನಾನು ಹೇಳುವುದು ಇಷ್ಟು. ಒಂದೇ ಒಂದು ತಾಲ್ಲೂಕು ಆರಿಸೋಣ. ಅಲ್ಲಿ ಹೆರಿಗೆ ನಡೆಯುವ ಎಲ್ಲ ಕಡೆ ಒಂದೊಂದು ಗೊಂಬೆ, ಅಭ್ಯಾಸಕ್ಕೆಂದೇ ಬೇರೆ ಚೀಲ ಮತ್ತು ಮಾಸ್ಕು, ಗೋಡೆಗೆ ಕನ್ನಡದ ಚಿತ್ರಪಟ. ಕೊಡುವಾಗಲೇ ಜಿಲ್ಲಾ ಆರೋಗ್ಯಾಧಿಕಾರಿಗಳ ಜೊತೆ ಮಾತಾಡಿ, ಗೊಂಬೆಯನ್ನು ಬಳಸಿ ಸವೆಸುವ ಸಾಮಾನು ಎಂದು ರಿಜಿಸ್ಟರಿನಲ್ಲಿ ಬರೆಸೋಣ, ಹಾಳಾದರೆ ನಾವೇ ಬೇರೆ ಕೊಡುತ್ತೇವೆ ಎಂದು ಕಾಗದ ಕೊಡೋಣ. ನಿವೃತ್ತರಾದ ಅನುಭವಿ ಸಿಸ್ಟರೊಬ್ಬರಿಗೆ ಗೌರವಧನ ಮತ್ತು ಬಸ್ ಖರ್ಚು ಕೊಟ್ಟು, ತಿಂಗಳಿಗೊಮ್ಮೆ ಎಲ್ಲ ಕಡೆ ಹೋಗಿ ಜೊತೆಯಲ್ಲಿ ನಿಂತು ಅಭ್ಯಾಸ ಮಾಡಿಸಲು ಕೇಳಿಕೊಳ್ಳೋಣ. ಎರಡು ವರ್ಷಕ್ಕಾದರೂ ದುಡ್ಡು ತೆಗೆದಿಡಬೇಕು, ಒಂದು ವರ್ಷ ಮಾಡಿ ಬಿಟ್ಟರೆ ಹೇಡಮ್‌ನ ಮೊದಲ ಕಥೆಯೇ ಆಗುತ್ತದೆ. ರಜೆಗೆ ಊರಿಗೆ ಹೋಗುವ ನಮ್ಮ ಡಾಕ್ಟರುಗಳು ಒಂದು ದಿನ ಹೋಗಿ ಬಂದರೆ ಸಂತೋಷ (ಪವರ್‌ಪಾಯಿಂಟ್ ಮನೆಯಲ್ಲೇ ಬಿಟ್ಟು ಹೋಗಲಿ ಅಂತ ವಿನಂತಿ). ವರದಿ ಅಂತ ನಾವು ಕೇಳಬೇಕಾದದ್ದು ಫೋಟೋ ಅಲ್ಲ, ಯಾರು ಯಾವ ವಾರ ಅಭ್ಯಾಸ ಮಾಡಿದರು ಎನ್ನುವ ನೋಟ್‌ಬುಕ್ಕಿನ ಹಾಳೆ.

ಸಮಿತಿ ತೀರ್ಮಾನಿಸುವ ಮೊದಲು ನಿಮ್ಮ ಅಭಿಪ್ರಾಯ ಬರೆಯಿರಿ, ಈ ಈಮೇಲ್‌ಗೇ ಉತ್ತರಿಸಿದರೆ ಸಾಕು. ಒಪ್ಪದವರು ಯಾಕೆ ಒಪ್ಪುವುದಿಲ್ಲ ಅಂತಲೂ ಬರೆಯಿರಿ. ನಮ್ಮ ಕೂಟದಲ್ಲಿ ನರ್ಸ್ ಆಗಿ ಕೆಲಸ ಮಾಡುವವರು ಐದಾರು ಮಂದಿ ಇದ್ದೀರಿ, ಇಂಥ ಚರ್ಚೆಗಳಲ್ಲಿ ನೀವು ಯಾವಾಗಲೂ ಸುಮ್ಮನಿರುತ್ತೀರಿ. ಈ ಸಲ ನಿಮ್ಮ ಮಾತನ್ನು ಮೊದಲು ಕೇಳಬೇಕೆಂದು ನನ್ನ ಆಸೆ.